ಹೋಟೆಲಿಗೆ ಎಲ್‌ಇಡಿ ಬಂದ ಮೇಲೆ

ಹೋಟೆಲ್ ನಡೆಸುವವರನ್ನು ದಿನಕ್ಕೊಂದು ಪ್ರಸಂಗ ಹುಡುಕಿಕೊಂಡು ಬರುತ್ತದೆ. ಅದಕ್ಕೆ ನಗಬೇಕೋ ಬೇಡವೋ ಅನ್ನುವುದು ಅವತ್ತಿನ ವ್ಯಾಪಾರದ ಮೇಲೆ ನಿಂತಿರುತ್ತದೆ. ಪೀಣ್ಯದ ಕಾರ್ಖಾನೆಗಳ ನಡುವೆ ನಾನೂ ನನ್ನ ಹೆಂಡತಿಯೂ ಒಂದು ಊಟದ ಹೋಟೆಲ್ ಇಟ್ಟಿದ್ದೇವೆ. ಹೋದ ವರ್ಷ ಅಲ್ಲಿ ನಡೆದದ್ದೆಲ್ಲ ಲೈಟಿನ ವಿಷಯಕ್ಕೇ.

ಅರ್ಧ ಕತ್ತಲು

ಕರೆಂಟ್ ಬಿಲ್ ಏರುತ್ತಾ ಏರುತ್ತಾ ಬಾಡಿಗೆಯ ಜೊತೆ ಪೈಪೋಟಿಗೆ ಬಿತ್ತು. "ಬಡಿಸೋ ಇಬ್ಬರಲ್ಲಿ ಒಬ್ಬರನ್ನ ಬಿಡಿಸ್ಬೇಕಾಗತ್ತೆ ಕಣ್ರೀ" ಅಂದಳು ಹೆಂಡತಿ. ಇಬ್ಬರೂ ರಾಯಚೂರು ಕಡೆಯವರು, ಲಗ್ಗೆರೆಯಲ್ಲಿ ಒಂದೇ ರೂಮಿನಲ್ಲಿ ಇರುವವರು. ಯಾರಿಗೆ ಹೋಗು ಅನ್ನುವುದು? ಅದರ ಬದಲು ಅರ್ಧ ಟ್ಯೂಬ್‌ಲೈಟ್ ಆರಿಸಿಬಿಟ್ಟೆ.

ಮಧ್ಯಾಹ್ನ ಹತ್ತಿರದ ಫ್ಯಾಕ್ಟರಿಯ ಸೂಪರ್‌ವೈಸರ್ ಊಟಕ್ಕೆ ಬಂದರು. ದಿನಾ ಬರುವವರೇ. ಒಳಗೆ ಇಣುಕಿ ನೋಡಿ, ಬಾಗಿಲಲ್ಲೇ ಚಪ್ಪಲಿ ಬಿಟ್ಟು, ನನ್ನ ಹತ್ತಿರ ಬಂದು ನಿಂತರು.

"ಯಾರು ಸಾರ್ ಹೋಗಿದ್ದು?"

"ಯಾರೂ ಹೋಗಿಲ್ಲ. ಕರೆಂಟ್ ಬಿಲ್ ಬಂದಿದೆ."

ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಧೈರ್ಯ ತಂದ್ಕೊಳ್ಳಿ" ಅಂದರು.

ಸಾಂಬಾರಿನ ಬಣ್ಣ

ಕತ್ತಲೆಯಲ್ಲಿ ವ್ಯಾಪಾರ ಆಗುವುದಿಲ್ಲ ಅಂತ ಗೊತ್ತಾಯಿತು. ಹಳೇ ಟ್ಯೂಬುಗಳನ್ನೆಲ್ಲ ಕಿತ್ತು, ಕಮ್ಮಿ ಕರೆಂಟಿನ ಎಲ್‌ಇಡಿ ಹಾಕಿಸಿದೆ. ಬೆಳ್ಳಗೆ, ಆಪರೇಷನ್ ಥಿಯೇಟರಿನ ಹಾಗೆ ಬೆಳಕು. ಗೋಡೆಯ ಮೇಲಿನ ಎಣ್ಣೆ ಜಿಡ್ಡು ಮೊದಲ ಸಲ ನಮ್ಮ ಕಣ್ಣಿಗೆ ಬಿತ್ತು. ಅದೇ ಸೂಪರ್‌ವೈಸರ್ ತಟ್ಟೆ ನೋಡಿ, "ಇವತ್ತು ಸಾಂಬಾರ್ ಬೇರೆ ಥರ ಇದೆಯಲ್ಲ, ಒಂಥರಾ ಪೇಲವ" ಅಂದರು.

ಅಡುಗೆ ಭಟ್ಟರ ಕಿವಿಗೆ ಅದು ಬಿತ್ತು. ಹೋಟೆಲ್ ಶುರುವಾದಾಗಿನಿಂದ ನಮ್ಮಲ್ಲಿರುವವರು, ಜಾಸ್ತಿ ಮಾತಿಲ್ಲ. ಹೆಗಲ ಟವೆಲ್ ತೆಗೆದು ಮಡಚಿ ನನ್ನ ಕೈಗೆ ಕೊಟ್ಟರು.

"ಇಷ್ಟು ವರ್ಷ ಯಾರೂ ಹೀಗಂದಿರಲಿಲ್ಲ. ನಾನು ಊರಿಗೆ ಹೋಗ್ತೀನಿ."

ಅವರು ಹೋದರೆ ಹೋಟೆಲೇ ಹೋದಂತೆ. ಹೆಂಡತಿ ಮಾತ್ರ ಗಾಬರಿಯಾಗಲಿಲ್ಲ. ಒಂದು ಬಟ್ಟಲು ಸಾಂಬಾರನ್ನು ಹೊರಗೆ ಬಿಸಿಲಿಗೆ ಒಯ್ದು, ಭಟ್ಟರನ್ನು ಕರೆದು ತೋರಿಸಿದಳು. ಅಲ್ಲಿ ಅದು ಎಂದಿನ ಹಾಗೆ ಕೆಂಪಗಿತ್ತು. "ಸಾಂಬಾರಿಗೇನೂ ಆಗಿಲ್ಲ ಭಟ್ರೇ, ಲೈಟಿಂದು ತಪ್ಪು" ಅಂದಳು. ಸಂಜೆಯೊಳಗೆ ಲೈಟಿನ ಅಂಗಡಿಯವನ ಕಾಲು ಹಿಡಿದು ಆ ಬಿಳಿ ಲೈಟುಗಳನ್ನು ಹಳದಿ ಬೆಳಕಿನ ಎಲ್‌ಇಡಿಗೆ ಬದಲಾಯಿಸಿಕೊಂಡು ಬಂದೆ. ಭಟ್ಟರು ಟವೆಲ್ ವಾಪಸ್ ತಗೊಂಡರು.

ಮರುದಿನ ಸೂಪರ್‌ವೈಸರ್ ಎರಡು ಸಲ ಹಾಕಿಸಿಕೊಂಡು ಉಂಡು, "ಇವತ್ತು ಸರಿಯಾಗಿದೆ. ನಿನ್ನೆ ಮಾಡಿದ್ದು ಬೇರೆಯವರಾ?" ಅಂದರು.

ಭಟ್ಟರು ಅಡುಗೆಮನೆಯಿಂದಲೇ ಅಂದರು: "ಹೌದು. ಕಳಿಸಿಬಿಟ್ವಿ."

ಒಪ್ಪಿಗೆ

ಬಿಲ್ ನಿಜಕ್ಕೂ ಇಳಿಯಿತು. ಯಾರನ್ನೂ ಬಿಡಿಸುವ ಮಾತು ಮತ್ತೆ ಬರಲಿಲ್ಲ. ಅದೇ ಹುರುಪಿನಲ್ಲಿ ಒಳಗಿನ ಫ್ಯಾಮಿಲಿ ರೂಮಿಗೆ ಸೆನ್ಸರ್ ಹಾಕಿಸಿದೆ. ಆ ರೂಮಿಗೆ ಕಿಟಕಿಯಿಲ್ಲ, ಖಾಲಿಯಿದ್ದರೂ ಲೈಟ್ ಉರಿಯುತ್ತಿತ್ತು. ಈಗ ಯಾರಾದರೂ ಅಲ್ಲಾಡಿದರೆ ಹತ್ತುತ್ತದೆ, ಇಲ್ಲದಿದ್ದರೆ ಆರುತ್ತದೆ.

ಒಂದು ಭಾನುವಾರ ಮಧ್ಯಾಹ್ನ ಆ ರೂಮಿನಲ್ಲಿ ಹೆಣ್ಣು ನೋಡುವ ಶಾಸ್ತ್ರ ನಡೆಯಿತು. ಹುಡುಗಿ ಬಾಗಲಗುಂಟೆಯಲ್ಲಿದ್ದುಕೊಂಡು ಗಾರ್ಮೆಂಟ್ಸಿಗೆ ಹೋಗುವವಳು, ಜೊತೆಗೆ ಅಪ್ಪ. ಹುಡುಗ ಲೇತ್ ಕೆಲಸದವನು, ಜೊತೆಗೆ ತಾಯಿ. ಎಲ್ಲರೂ ಕಲಬುರಗಿ ಕಡೆಯವರು. ಈ ಹುಡುಗಿಗೆ ಹಿಂದೆ ಬಂದ ಸಂಬಂಧಗಳು ಮುರಿದಿದ್ದವು ಅಂತ ಅವಳ ಅಪ್ಪ ಒಳಗೆ ಹೋಗುವ ಮೊದಲೇ ನನ್ನ ಹತ್ತಿರ ಹೇಳಿಕೊಂಡಿದ್ದರು. "ಚಾ ಚಲೋ ಮಾಡ್ರಿ" ಅಂದಿದ್ದರು.

ನಾಚಿಕೆಗೆ ಯಾರೂ ಮಾತಾಡಲಿಲ್ಲ, ಅಲ್ಲಾಡಲಿಲ್ಲ. ಲೈಟ್ ಆರಿತು.

ಹುಡುಗನ ತಾಯಿ ಧಡಕ್ಕನೆ ಎದ್ದರು, ಲೈಟ್ ಹತ್ತಿತು. "ಶಕುನ ಚಲೋ ಇಲ್ಲ. ನಡಿಯಪ್ಪ ಹೋಗೂಣು."

ಹುಡುಗಿಯ ಅಪ್ಪನ ಮುಖ ನೋಡಲಾಗಲಿಲ್ಲ. ಚಹಾ ಹಿಡಿದು ಬಂದ ನಾನು ಓಡಿ ಹೋಗಿ, "ಅಮ್ಮಾ, ಇದು ಶಕುನ ಅಲ್ಲ, ಕರೆಂಟ್ ಉಳಿಸೋ ಸೆನ್ಸರ್. ಎಲ್ಲರೂ ಸುಮ್ಮನೆ ಕೂತ್ರೆ ಆರತ್ತೆ" ಅಂದೆ. ಆಕೆ ನಂಬದೆ ಕೂತರು. ಪರೀಕ್ಷೆಗೆಂದು ಎಲ್ಲರೂ ಉಸಿರು ಬಿಗಿಹಿಡಿದು ಲೈಟನ್ನೇ ನೋಡಿದರು. ಆರಿತು.

ಕತ್ತಲೆಯಲ್ಲಿ ಹುಡುಗಿ ನಕ್ಕಳು. ಕೈ ಎತ್ತಿ ಆಡಿಸಿದಳು, ಬೆಳಕು ಬಂತು. ಹುಡುಗನ ಕಡೆ ತಿರುಗಿ, "ನೀವು ಮಾತಾಡ್ರಿ, ನಾ ಕೈ ಆಡಸ್ತೀನಿ" ಅಂದಳು.

ಹುಡುಗ ತನ್ನ ಕೆಲಸದ್ದು, ರೂಮಿನದ್ದು, ಊರಿನದ್ದು ಎಲ್ಲ ಹೇಳಿದ. ಅವಳು ಗಾಳಿ ಬೀಸುವವಳಂತೆ ಕೈ ಆಡಿಸುತ್ತಾ ಕೇಳಿದಳು. ಕೊನೆಗೆ ತಾಯಿ ಮಗನನ್ನು ಕೇಳಿದರು: "ಏನಪ್ಪ, ಒಪ್ಪಿಗಿ ಐತೇನು?"

ಹುಡುಗಿಯ ಕೈ ನಿಂತಿತು. ಅವಳ ಅಪ್ಪ ಕಲ್ಲಾಗಿ ಕೂತರು. ಬಾಗಿಲಲ್ಲಿ ನಾನೂ ಅಲ್ಲಾಡಲಿಲ್ಲ. ಹುಡುಗ ಬಾಯಿ ಬಿಡುತ್ತಿಲ್ಲ. ಲೈಟ್ ಆರಿಹೋಯಿತು.

ಆಮೇಲೆ ಇದ್ದಕ್ಕಿದ್ದಂತೆ ಲೈಟ್ ಹತ್ತಿತು.

ಹುಡುಗಿಯ ಅಪ್ಪ ಕಣ್ಣು ಒರೆಸಿಕೊಂಡು ನನ್ನ ಕಡೆ ನೋಡಿದರು.

"ಹುಡುಗ ಗೋಣು ಹಾಕ್ಯಾನ್ರೀ."