ಸೊರಬದ ಅಜ್ಜಿಯ ಸನ್ಯಾಸಿ ಕಾಫಿ

ವೀರೇಶ, ಸ್ಮಿತಾ, ಇಬ್ಬರೂ ಇಲ್ಲಿ ಕೇಳಿ. ನಿಮ್ಮ ಸೊರಬದ ಅಜ್ಜಿ, ಅಂದರೆ ನಿಮ್ಮ ಅಜ್ಜನ ಅಕ್ಕ, ನನ್ನ ಅತ್ತಿಗೆ, ಜೀವಮಾನದಲ್ಲಿ ಯಾರ ಮಾತನ್ನೂ ಕೇಳಿದವರಲ್ಲ. ಗಂಡನ ಮಾತು ಕೇಳಲಿಲ್ಲ, ಮಗನ ಮಾತು ಕೇಳಲಿಲ್ಲ. ಕೊನೆಗೆ ಯಮ ಬಂದಾಗಲೂ "ಸ್ವಲ್ಪ ಕೂತ್ಕೊ ಮಾರಾಯ, ಕಾಫಿ ಇಳೀತಾ ಇದೆ" ಎಂದು ಅವನನ್ನು ಜಗಲಿಯ ಮೇಲೆ ಕಾಯಿಸಿರುತ್ತಾರೆ ಎಂದೇ ನನ್ನ ನಂಬಿಕೆ. ಅವನು ಕಾದಿರುತ್ತಾನೆ ಕೂಡ. ಅವರೆದುರು ಯಾರಿಗೆ ಇಲ್ಲ ಎನ್ನಲು ಆಗುತ್ತಿತ್ತು?

ಅಂಥವರ ಬಗ್ಗೆ ಬರೆಯಲು ನನಗೆ ಎಲ್ಲಿಂದ ಧೈರ್ಯ ಬಂತು ಎಂದು ನೀವು ಕೇಳಬಹುದು. ನಾನು ತೊಗರ್ಸಿಯ ಶಾಲೆಯಲ್ಲಿ ಓದಿದವಳು. ಮೇಷ್ಟ್ರು ಹೆಸರು ಕೂಗಿದರೆ "ಹಾಜರ್" ಎನ್ನುವುದಕ್ಕೂ ನಾಚಿಕೆಪಟ್ಟು ಪಕ್ಕದವಳ ಕೈಲಿ ಹೇಳಿಸುತ್ತಿದ್ದೆ! ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಮೇಲೂ ಮನೆಗೆ ಬಂದವರೊಡನೆ ಬಾಗಿಲ ಹಿಂದಿನಿಂದಲೇ ಮಾತು. ಆದರೆ ಕಾಗದಕ್ಕೆ ಮುಖವಿಲ್ಲವಲ್ಲ, ಅದರೆದುರು ಏಕೆ ನಾಚಲಿ?

ನಿಮ್ಮ ಅಜ್ಜ ತೀರಿಕೊಂಡ ಮಾರನೆಯ ವರ್ಷದ ಮಾತು. ನಿಮ್ಮಪ್ಪನಿಗೆ ಇನ್ನೂ ಮದುವೆಯಾಗಿರಲಿಲ್ಲ. ಅತ್ತಿಗೆಗೆ ಆಗಾಗ ಎದೆ ಡವಡವ ಎನ್ನತೊಡಗಿತು. ಅವರ ಮಗ ನಾಗರಾಜ ಸೊರಬದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ. ತುಂಬಾ ಹೆದರುವ ಸ್ವಭಾವ ಅವನದು. ಹೆದರದೆ ಏನು ಮಾಡಿಯಾನು? ಅವನ ಅಪ್ಪ ಎದೆ ನೋವಿನಲ್ಲೇ ಹೋಗಿದ್ದರು. ಅಂಗಡಿಗೆ ಬೀಗ ಹಾಕಿ, ತಾಯಿಯನ್ನು ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಕರೆತಂದು ನಮ್ಮೂರಿನ ಡಾಕ್ಟರಿಗೆ ತೋರಿಸಿದ. ಜೊತೆಗೆ ನಾನೂ ಹೋಗಿದ್ದೆ.

"ದಿನಕ್ಕೆ ಎಷ್ಟು ಲೋಟ ಕಾಫಿ ಕುಡೀತೀರಿ ಅಮ್ಮಾ?" ಎಂದು ಡಾಕ್ಟರು ಕೇಳಿದರು.

"ತಿನ್ನೋದು ಕುಡಿಯೋದು ಎಣಿಸಬಾರದು ಕಣ್ರೀ. ದೃಷ್ಟಿಯಾಗತ್ತೆ."

"ಇವತ್ತಿನಿಂದ ಕಾಫಿ ಪೂರ್ತಿ ಬಿಡಬೇಕು."

"ಬಿಡ್ತೀನಿ. ನೀವು ಸಿಗರೇಟು ಬಿಡ್ತೀರೇನು?"

ಡಾಕ್ಟರ ಮುಖ ಕೆಂಪಾಯಿತು. "ನಾನು ಸೇದೋದು ನಿಮಗೆ ಹೆಂಗೆ ಗೊತ್ತಾಯ್ತು?"

"ಕಾಫಿ ಕುಡಿಯೋರಿಗೆ ಮೂಗು ಚುರುಕು ಕಣ್ರೀ. ಬಿಟ್ಟರೆ ಅದೂ ಹೋಗತ್ತೆ."

ಡಾಕ್ಟರು ನಕ್ಕರು. ನಕ್ಕು ಮುಗಿದ ಮೇಲೆ ನಾಗರಾಜನ ಕಡೆ ತಿರುಗಿ, ಈ ಹೃದಯ ಹೀಗೇ ಓಡುತ್ತಿದ್ದರೆ ಒಂದು ದಿನ ನಿಂತುಬಿಡುತ್ತದೆ, ಆಮೇಲೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ನಾಗರಾಜನ ಮುಖ ಸುಣ್ಣದಂತಾಯಿತು. ಅತ್ತಿಗೆ ಮಾತ್ರ ಹೊರಗೆ ಬಂದು, "ಓಡೋದನ್ನ ಹಿಡಿದು ನಿಲ್ಲಿಸೋ ಡಾಕ್ಟ್ರನ್ನ ಇವತ್ತೇ ನೋಡಿದ್ದು" ಎಂದರು.

ಸೊರಬಕ್ಕೆ ವಾಪಸು ಕರೆದುಕೊಂಡು ಹೋಗುವ ಧೈರ್ಯ ನಾಗರಾಜನಿಗೆ ಇರಲಿಲ್ಲ. ಅಲ್ಲಿ ಯಾವ ಮನೆಯ ಮುಂದೆ ಹಾದರೂ ಕರೆದು ಕಾಫಿ ಕೊಡುವವರೇ. "ಅತ್ತೆ, ಕೊಂಚ ದಿನ ಅವ್ವ ನಿಮ್ಮನೇಲೇ ಇರಲಿ. ಇದು ಅವಳ ತವರೇ ತಾನೆ? ಮನೇಲಿ ಕಾಫಿ ಕಾಸಬೇಡಿ, ಅಷ್ಟು ಮಾಡಿ" ಎಂದು ನನ್ನ ಕೈ ಹಿಡಿದುಕೊಂಡ. ನಿಮ್ಮಪ್ಪನಿಗೆ ಆಗಲೂ ಚಹಾವೇ ಬೇಕಿತ್ತು, ಹಾಗಾಗಿ ತೊಂದರೆ ಇರಲಿಲ್ಲ. ಕಾಫಿಪುಡಿಯನ್ನು ಅಕ್ಕಿ ಡಬ್ಬದ ತಳದಲ್ಲಿ ಹೂತಿಟ್ಟೆ. ಆದರೆ ಅವರನ್ನು ಎಲ್ಲಿ ಹೂತಿಡಲಿ? ಹಿಂದಿನ ಬೀದಿಯಲ್ಲಿ ಯಾರದೋ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಎಂದು ತಿಳಿದದ್ದೇ ತಡ, ಇಳಕಲ್ಲು ಸೀರೆ ಉಟ್ಟು ಹೊರಟೇಬಿಟ್ಟರು. ಗಂಡಿನವರು ಇವರು ಹೆಣ್ಣಿನ ಕಡೆಯವರು ಎಂದುಕೊಂಡರು, ಹೆಣ್ಣಿನವರು ಗಂಡಿನ ಕಡೆಯವರು ಎಂದುಕೊಂಡರು. ಇಬ್ಬರೂ ಉಪಚಾರ ಮಾಡಿ ಮಾಡಿ ಕಾಫಿ ಕುಡಿಸಿದರು. ಹಿಂತಿರುಗಿ ಬಂದವರು "ಹುಡುಗಿ ಚೆನ್ನಾಗಿದ್ದಾಳೆ, ಒಪ್ಪಿಬಂದೆ" ಎಂದರು!

ಈ ಸುದ್ದಿ ಸೊರಬ ಮುಟ್ಟಿತು. ಮುಟ್ಟಿದ ವಾರದಲ್ಲೇ ನಾಗರಾಜ ಒಂದು ಡಬ್ಬಿ ಹಿಡಿದುಕೊಂಡು ಬಂದ. ಅವನ ಹೆಂಡತಿಯ ಅಣ್ಣ ಬೊಂಬಾಯಿಯಲ್ಲಿದ್ದ. ಅವನ ಕೈಲಿ ತರಿಸಿದ್ದಂತೆ. ಡಬ್ಬಿಯ ಮೇಲೆ ನಗುತ್ತಿರುವ ಬಿಳಿ ಹೆಂಗಸಿನ ಚಿತ್ರವಿತ್ತು.

"ಏನೋ ಇದು?"

"ಕಾಫೀನೇ ಅವ್ವ. ಆದ್ರೆ ಒಳಗಿನ ಕೆಫೀನ್ ತೆಗೆದುಬಿಟ್ಟಿದಾರೆ. ಎದೆ ಹೊಡ್ಕೊಳ್ಳೋದು ಅದ್ರಿಂದಾನೇ ಅಂತೆ."

"ತೆಗೆದಿದ್ದನ್ನ ಏನು ಮಾಡಿದ್ರು?"

"ನಂಗೇನವ್ವ ಗೊತ್ತು?"

"ಕೇಳ್ಕೊಂಡು ಬಾ. ಉಳಿದಿದ್ದನ್ನ ತಂದಿದೀಯ, ತೆಗೆದಿದ್ದನ್ನೂ ತರಿಸು. ಎರಡನ್ನೂ ಸೇರಿಸ್ಕೊಂಡು ಕುಡೀತೀನಿ."

ಆದರೂ ಡಬ್ಬಿ ತೆರೆದೆವು. ಫಿಲ್ಟರಿನಲ್ಲಿ ಇಳಿಸಿ ಹಾಲು ಹಾಕಿ ಕೊಟ್ಟೆ. ಬಣ್ಣ ಸರಿಯಾಗಿತ್ತು, ಪರಿಮಳವೂ ಅಡ್ಡಿಯಿರಲಿಲ್ಲ. ಅತ್ತಿಗೆ ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ಮನೆಗೆ ಬಂದ ಅಪರಿಚಿತರನ್ನು ನೋಡುವಂತೆ ಲೋಟವನ್ನೇ ನೋಡಿದರು. ಆಮೇಲೆ ನುಂಗಿ ಹೇಳಿದರು: "ಏನೇ ಹುಡುಗಿ, ಇದು ಸಂಸಾರ ಬಿಟ್ಟ ಕಾಫಿ. ಆಸೆಯೂ ಇಲ್ಲ, ಸಿಟ್ಟೂ ಇಲ್ಲ. ಸನ್ಯಾಸಿ ಕಾಫಿ!"

ತಲೆ ನರೆತಿದ್ದರೂ ಅವರಿಗೆ ನಾನು ಹುಡುಗಿಯೇ.

ಬೇರೆಯವರಾಗಿದ್ದರೆ ಡಬ್ಬಿ ಎಸೆಯುತ್ತಿದ್ದರು. ಇವರು ಸನ್ಯಾಸಿಯನ್ನು ಸಂಸಾರಕ್ಕೆ ಎಳೆದುತರುತ್ತೇನೆಂದು ಹಟ ಹಿಡಿದರು. ಒಂದು ದಿನ ಪುಡಿ ಎರಡರಷ್ಟು ಹಾಕಿಸಿದರು. ಕಹಿ ಹೆಚ್ಚಾಯಿತು, ಕಾಫಿ ಬರಲಿಲ್ಲ. ಇನ್ನೊಂದು ದಿನ ಒಣಶುಂಠಿ ಜಜ್ಜಿ ಹಾಕಿದರು. ಅದು ಕಷಾಯವಾಯಿತು, ನಿಮ್ಮಪ್ಪನ ನೆಗಡಿ ಬಿಟ್ಟಿತು. ಮತ್ತೊಂದು ದಿನ, ಬೊಂಬಾಯಿಯವರಿಗೆ ಹುರಿಯಲು ಬರುವುದಿಲ್ಲ ಎಂದು ಪುಡಿಯನ್ನೇ ಕಬ್ಬಿಣದ ಬಾಣಲೆಗೆ ಸುರಿದು ಹುರಿಯಲು ಕೂತರು. ಹುರಿದದ್ದನ್ನು ಮತ್ತೆ ಹುರಿದರೆ ಏನಾಗುತ್ತದೆ? ಹಂಚಿನ ಸಂದಿಯಲ್ಲೆಲ್ಲ ಹೊಗೆ! ಪಕ್ಕದ ಮನೆಯ ಖೈರುನ್ನಿಸಾ, ಗಾದಿ ಹೊಲಿಯುವವರ ಹೆಂಡತಿ, ಮನೆಗೆ ಬೆಂಕಿ ಬಿತ್ತೆಂದು ಕೊಡ ನೀರು ಹೊತ್ತು ಓಡಿಬಂದಳು. ಅತ್ತಿಗೆ ಅವಳ ಕೊಡ ಇಳಿಸಿಕೊಂಡು, "ಒಳ್ಳೇ ಟೈಮಿಗೆ ಬಂದೆ ಖೈರೂನ್, ಕಾಫಿಗೆ ನೀರು ಬೇಕಿತ್ತು" ಎಂದರು.

ತಪ್ಪು ಪುಡಿಯದಲ್ಲ, ಪಾತ್ರೆಯದು ಎಂದು ಆಮೇಲೆ ತೀರ್ಮಾನವಾಯಿತು. ಸೊರಬದಲ್ಲಿ ಫಿಲ್ಟರಿಗೆ ಯಾರು ಬೆಲೆ ಕೊಡುತ್ತಾರೆ? ಬೆಲ್ಲದ ನೀರು ಕುದಿಸಿ, ಪುಡಿ ಹಾಕಿ, ಇಳಿಸಿ ಮುಚ್ಚಿಟ್ಟು, ಬಟ್ಟೆಯಲ್ಲಿ ಸೋಸಬೇಕು. ಆ ಬಟ್ಟೆಯೂ ಅವರ ಮನೆಯದೇ ಆಗಬೇಕು! ಪಾಪ, ನಾಗರಾಜ ಅದನ್ನು ಕಾಗದದಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ ಕೈಲಿ ಕಳಿಸಿದ. ವರ್ಷಗಟ್ಟಲೆ ಕಾಫಿ ಕುಡಿದು ಕುಡಿದು ಬಾವಲಿಯಂತೆ ಕಪ್ಪಾಗಿದ್ದ ಬಟ್ಟೆ. ಕಂಡಕ್ಟರು ಅದನ್ನು ಕೊಡುತ್ತಾ, "ಬಸ್ಸಲ್ಲಿದ್ದೋರೆಲ್ಲ ಎಲ್ಲಿ ಕಾಫಿ, ಎಲ್ಲಿ ಕಾಫಿ ಅಂತ ಹುಡುಕಿದ್ರು ನೋಡ್ರೀ. ಕೊನೆಗೆ ಶಿರಾಳಕೊಪ್ಪದಲ್ಲಿ ನಿಲ್ಲಿಸಿ ಎಲ್ಲರೂ ಕುಡಕೊಂಡೇ ಬಂದ್ವಿ" ಎಂದ. ಆ ಬಟ್ಟೆಯಲ್ಲಿ ಸೋಸಿದರೂ ಸನ್ಯಾಸಿ ಸನ್ಯಾಸಿಯೇ.

ಡಬ್ಬಿಯನ್ನು ಅಟ್ಟಕ್ಕೆ ಎಸೆದು, ಇನ್ನು ನಾನು ನಿಜವಾದ ಕಾಫಿಯನ್ನೇ ಕುಡಿಯುತ್ತೇನೆ, ಏನಾಗುತ್ತದೋ ನೋಡೇಬಿಡೋಣ ಎಂದು ಅತ್ತಿಗೆ ಘೋಷಿಸಿದರು. ನಾನು ಹೆದರಿ ನಾಗರಾಜನಿಗೆ ಹೇಳಿಕಳಿಸಿದೆ. ಅವನು ಆ ಭಾನುವಾರ ಬಂದು ಪಡಸಾಲೆಯಲ್ಲಿ ತಾಯಿಯ ಎದುರು ಕೂತ.

"ಅವ್ವ, ಇದೆಲ್ಲ ನಿನ್ನ ಮನಸ್ಸಿಗೆ ಅಷ್ಟೆ. ಡಬ್ಬಿ ನೋಡ್ದೆ ಕುಡಿದ್ರೆ ನಿಂಗೆ ವ್ಯತ್ಯಾಸಾನೇ ಗೊತ್ತಾಗಲ್ಲ."

"ನಂಗಾ? ಗೊತ್ತಾದ್ರೆ?"

"ಗೊತ್ತಾದ್ರೆ ಇನ್ನು ಕಾಫಿ ವಿಷ್ಯ ನಾನು ಬಾಯಿ ಬಿಡಲ್ಲ. ಗೊತ್ತಾಗ್ದಿದ್ರೆ ಸಾಯೋವರ್ಗೂ ಡಬ್ಬೀದೇ ಕುಡೀಬೇಕು. ಒಪ್ಪಿಗೇನಾ?"

"ಒಪ್ಪಿಗೆ. ಖೈರೂನ್, ನೀನು ಸಾಕ್ಷಿ ಕಣೇ."

ಖೈರುನ್ನಿಸಾ ನಗುತ್ತಾ ಬಂದು ಹೊಸ್ತಿಲ ಬಳಿ ಕೂತಳು. ಕಾಸುವ ಕೆಲಸ ನನ್ನ ಪಾಲಿಗೆ. ಬಹಳ ದಿನಗಳ ಮೇಲೆ ಅಕ್ಕಿ ಡಬ್ಬದಿಂದ ಪುಡಿ ತೆಗೆದೆ, ಅಟ್ಟದಿಂದ ಡಬ್ಬಿ ಇಳಿಸಿಕೊಂಡೆ. ನಿಜವಾದ ಕಾಫಿ ಒಂದು ಸ್ಟೀಲ್ ಲೋಟಕ್ಕೆ, ಡಬ್ಬಿಯದು ಇನ್ನೊಂದಕ್ಕೆ. ನಾಗರಾಜ ಒಳಗೆ ಬಂದು ಎರಡು ಲೋಟ ಎತ್ತಿಕೊಂಡು ಹೋದ. ಎದೆ ಡವಡವ ಎನ್ನುವ ಸರದಿ ನನ್ನದಾಯಿತು. ಬಾಗಿಲ ಹಿಂದೆ ನಿಂತು ಸಂದಿಯಿಂದ ನೋಡಿದೆ.

ಅತ್ತಿಗೆ ಕಣ್ಣಿಗೆ ಸೆರಗು ಕಟ್ಟಿಕೊಂಡು, ಮೊದಲ ಲೋಟ ಎತ್ತಿ ಬಾಯಿಗೆ ಹೊಯ್ದುಕೊಂಡರು. ಮುಖವೆಲ್ಲ ಅರಳಿತು. "ಇದು ನಿಜವಾದ್ದು."

ಎರಡನೆಯ ಲೋಟದಿಂದ ಒಂದು ಗುಟುಕು. ಆಮೇಲೆ ಇನ್ನೊಂದು.

"ಹೇಳವ್ವ. ಇದೂ ನಿಜವಾದ್ದೇ ಅನ್ಸತ್ತಲ್ವಾ?"

"ಅಲ್ಲ. ಇದು ನಿನ್ನ ಡಬ್ಬೀದೂ ಅಲ್ಲ."

ನಾಗರಾಜ ತೊಡೆ ತಟ್ಟಿದ. "ನೀನು ಸೋತೆ! ಎರಡೇ ಇರೋದು. ಒಂದು ನಿಜವಾದ್ದು, ಇನ್ನೊಂದು ಡಬ್ಬೀದು."

"ಒಳಗೆ ಹೋಗಿ ನೋಡೋ. ಡಬ್ಬೀದು ಅಲ್ಲೇ ಕಟ್ಟೆ ಮೇಲೆ ಕೂತಿರತ್ತೆ."

ತಿರುಗಿ ನೋಡಿದೆ. ಕೂತಿತ್ತು! ಸನ್ಯಾಸಿ ಕಾಫಿ ಕಟ್ಟೆಯ ಮೇಲೆ ಹಬೆಯಾಡುತ್ತಿತ್ತು. ನಾಗರಾಜ ನನ್ನ ಲೋಟವನ್ನು ಒಯ್ದುಬಿಟ್ಟಿದ್ದ. ಏನು ಆಗಿತ್ತೆಂದರೆ, ಕಾಫಿ ಸೋಸಿದ ಮೇಲೆ ಉಳಿದ ಚರಟಕ್ಕೆ ಮತ್ತೆ ನೀರು ಹಾಕಿ ಕುದಿಸಿ, ನನಗೆಂದು ಒಂದು ಲೋಟಕ್ಕೆ ಬಗ್ಗಿಸಿಟ್ಟಿದ್ದೆ. ಈ ಮನೆಯಲ್ಲಿ ಮೊದಲನೆಯ ಡಿಕಾಕ್ಷನ್ ಗಂಡಸರಿಗೆ, ಬಂದವರಿಗೆ. ಚರಟ ಕುದಿಸಿದ ಎರಡನೆಯದು ಹೆಂಗಸರಿಗೆ. ಮದುವೆಯಾಗಿ ಬಂದಾಗಿನಿಂದ ಕೈಗೆ ಅದೇ ರೂಢಿ. ಯೋಚಿಸಿ ಮಾಡುವ ಕೆಲಸವೇ ಅಲ್ಲ ಅದು.

"ಅತ್ತಿಗೆ," ಎಂದೆ ಬಾಗಿಲ ಹಿಂದಿನಿಂದ, "ಅದು ನಂದು."

ಅವರು ಕಣ್ಣಿನ ಸೆರಗು ಬಿಚ್ಚಿದರು. "ಈಚೆ ಬಾ. ಇನ್ನೂ ಇದನ್ನೇ ಕುಡೀತಿದೀಯೇನೇ?"

"ಹೂಂ."

"ಈ ಮನೇಲಿ ಈಗ ಕಾಫಿ ಕುಡಿಯೋ ಗಂಡಸೇ ಇಲ್ಲ. ನಿನ್ನ ಮಗ ಚಹಾದೋನು. ಮೊದಲನೇದು ಏನಾಗ್ತಿತ್ತೇ?"

"ಯಾರಾದ್ರೂ ಬಂದ್ರೆ ಇರ್ಲಿ ಅಂತ ಇಡ್ತಿದ್ದೆ."

"ಬರ್ದೇ ಇದ್ರೆ?"

ಹೇಳಲು ನಾಚಿಕೆಯಾಯಿತು. "ಕರಿಬೇವಿನ ಗಿಡಕ್ಕೆ ಹಾಕ್ತಿದ್ದೆ."

"ಶಿವನೇ! ಗಿಡಕ್ಕೆ ಮೊದಲನೇದು, ನಿಂಗೆ ಎರಡನೇದಾ!"

ಖೈರುನ್ನಿಸಾ ನಗಲು ಹೋದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಮ್ಮನೇಲೂ ಹಂಗೇ ಐತಿ ಅಕ್ಕಾ," ಎಂದಳು ಮೆಲ್ಲಗೆ. "ಚಾ ಸೊಪ್ಪು ಎರಡನೇ ಸಲ ಕುದಿಸಿದ್ದು ನಂಗೇ."

ಅತ್ತಿಗೆ ಮಗನ ಕಡೆ ತಿರುಗಿದರು. "ಕೇಳಿದ್ಯೇನೋ ನಾಗರಾಜ? ಬೊಂಬಾಯಿ ತನಕ ಯಾಕೆ ಹೋಗಿದ್ದೆ? ಸತ್ವ ತೆಗೆದ ಕಾಫಿ ಬೇಕಿದ್ರೆ ನನ್ನ ಕೇಳ್ಬೇಕಿತ್ತು. ನಾನು ಈ ಮನೆ ಮಗಳು. ಅಪ್ಪನ ಪಕ್ಕ ಕೂತು ಮೊದಲನೇದು ಕುಡೀತಿದ್ದೆ. ನಮ್ಮವ್ವ ಒಲೆ ಮುಂದೆ ಕೂತು ಇದನ್ನೇ ಕುಡೀತಿದ್ಲು. ಸೊರಬಕ್ಕೆ ಸೊಸೆಯಾಗಿ ಹೋದೆ ನೋಡು, ನನ್ನ ಲೋಟಕ್ಕೂ ಇದೇ ಬಿತ್ತು. ನಮ್ಮತ್ತೆ ಕಣ್ಮುಚ್ಚಿದ ದಿನ ಅಡುಗೆಮನೆ ಕೀಲಿ ನನ್ನ ಕೈಗೆ ಬಂತಲ್ಲ, ಅವತ್ತಿಂದ ಕುಡಿದಿದೀನಿ ನಾನು ನಿಜವಾದ್ದು. ಬಿಡು ಅಂದ್ರೆ ಹೆಂಗೆ ಬಿಡ್ಲಿ ಹೇಳು?"

ನಾಗರಾಜ ತಲೆ ತಗ್ಗಿಸಿದ. "ಗೆದ್ದೆ ಅವ್ವ. ಇನ್ನು ನಾನು ಮಾತಾಡಲ್ಲ. ಅಪ್ಪನ್ನ ಕಳಕೊಂಡಿದೀನಿ, ನೀನಾದ್ರೂ ಇರ್ಲಿ ಅಂತ ಅಷ್ಟೆ..."

ಅತ್ತಿಗೆ ಗೆದ್ದ ಲೋಟವನ್ನು ಎತ್ತಿಕೊಂಡರು. ಒಂದೇ ಗುಟುಕು ಕಡಿಮೆಯಾಗಿದ್ದ ನಿಜವಾದ ಕಾಫಿ. ಗಟಗಟ ಕುಡಿದು ಮುಗಿಸುತ್ತಾರೆ ಎಂದುಕೊಂಡೆ. ಅದನ್ನು ತಂದು ನನ್ನ ಕೈಗಿಟ್ಟರು.

"ಕುಡಿ."

"ಅಯ್ಯೋ, ನಂಗೆ ಬೇಡ ಅತ್ತಿಗೆ. ನೀವು..."

"ಕುಡೀತೀಯೋ, ತಲೆ ಮೇಲೆ ಹುಯ್ಯಲೋ?"

ಎಲ್ಲರೆದುರು, ಪಡಸಾಲೆಯ ನಡುವೆ ನಿಂತು ಕುಡಿದೆ. ಎಷ್ಟು ಗಟ್ಟಿ ಇತ್ತು! ನನ್ನ ಕೈಯಾರೆ ಕಾಸಿದ ಕಾಫಿಯ ರುಚಿ ನನಗೆ ಅಂದು ತಿಳಿಯಿತು. ಕಣ್ಣಲ್ಲಿ ನೀರು ಬಂತು. ಬಿಸಿಗೆ ಬಂತು ಎಂದುಕೊಳ್ಳಿ.

"ನಾಗರಾಜ, ಆ ಡಬ್ಬೀನ ಮತ್ತೆ ಅಟ್ಟಕ್ಕೆ ಹಾಕ್ಬೇಡ. ನಾನು ಇನ್ಮೇಲೆ ಅದನ್ನೇ ಕುಡೀತೀನಿ."

"ಅವ್ವ! ಗೆದ್ದಿರೋದು ನೀನು!"

"ಗೆದ್ದಿದ್ದಕ್ಕೇ ಕಣೋ. ಸೋತು ಕುಡಿಯೋಳಲ್ಲ ನಾನು. ಆದ್ರೆ ಒಂದು ಮಾತು. ಇವಳು ದಿನಾ ನನ್ನೆದುರಿಗೆ ಮೊದಲನೇದು ಕುಡೀಬೇಕು. ಇವಳು ತಪ್ಪಿಸಿದ ದಿನ ನಾನು ಶುರು ಮಾಡ್ತೀನಿ. ಆಮೇಲೆ ನನ್ನ ಎದೆ ನಿಂತ್ರೆ ಇವಳನ್ನ ಕೇಳು."

ನೋಡಿದಿರಾ ಮಕ್ಕಳೇ ಉಪಾಯವನ್ನು? ಅವರ ಜೀವವನ್ನು ನನ್ನ ಲೋಟಕ್ಕೆ ಕಟ್ಟಿಬಿಟ್ಟರು! ಇಲ್ಲ ಎನ್ನಲು ನನಗೆ ದಾರಿ ಎಲ್ಲಿತ್ತು? ಮಳೆಗಾಲ ಮುಗಿಯುವ ತನಕ ನಮ್ಮಲ್ಲೇ ಇದ್ದರು. ಬೆಳಿಗ್ಗೆ ಎದುರುಬದುರು ಕೂರುತ್ತಿದ್ದೆವು. ಅವರು ಸನ್ಯಾಸಿ ಕಾಫಿಯನ್ನು ಮುಖ ಕಿವುಚಿ ನುಂಗುತ್ತಾ, ನನ್ನ ಗಂಟಲನ್ನೇ ನೋಡುತ್ತಿದ್ದರು.

"ಹೆಂಗಿದೆ?"

"ಚೆನ್ನಾಗಿದೆ ಅತ್ತಿಗೆ."

"ಗಟ್ಟಿಯಾಗಿ ಹೇಳೇ. ಸೊರಬಕ್ಕೆ ಕೇಳ್ಬೇಕು."

ಅವರು ಆಮೇಲೂ ಎಷ್ಟೋ ಕಾಲ ಇದ್ದರು. ಹೋದದ್ದು ಎದೆಯಿಂದಲ್ಲ, ಬರೀ ವಯಸ್ಸಿನಿಂದ. ನಾನು ಎರಡನೆಯದನ್ನು ಮತ್ತೆ ಮುಟ್ಟಿಲ್ಲ. ಈಸೂರಿನ ಮದುವೆಮನೆಯೊಂದರಲ್ಲಿ ಒಳಗಿದ್ದ ಹೆಂಗಸರಿಗೆಲ್ಲ ತೆಳ್ಳನೆಯ ಕಾಫಿ ಬಂದಾಗ ಲೋಟ ಕೆಳಗಿಟ್ಟು, "ಇದು ಬೇಡ್ರೀ, ಹೊರಗೆ ಗಂಡಸರಿಗೆ ಕೊಟ್ಟಿದ್ದು ತಗೊಂಬನ್ನಿ, ಎಲ್ಲರಿಗೂ" ಎಂದೆ. ಅಡುಗೆಮನೆಗೆ ಅಡುಗೆಮನೆಯೇ ತಿರುಗಿ ನೋಡಿತು. ನೋಡಲಿ ಬಿಡಿ, ಕಾಫಿ ಬಂತು.

ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ಇಲಿ, ಗೆದ್ದಲು ಮುಟ್ಟದಂತೆ ಎತ್ತಿಡಿ. ಫೋಟೋದವನು "ನಗಿ ಅಮ್ಮಾ" ಎಂದರೆ ಸಾಕು, "ನಾನ್ಯಾಕೆ ನಗ್ಲಿ" ಎಂದು ಎದ್ದು ಹೋಗುತ್ತಿದ್ದರು ನನ್ನ ಅತ್ತಿಗೆ. ಅವರದೊಂದು ಪಟವೂ ನನ್ನ ಬಳಿ ಇಲ್ಲ. ನಿಮಗೆ ತೋರಿಸಲು ಇರುವುದು ಇಷ್ಟೇ.