ಮಿಶ್ರಿಕೋಟಿ ಅಜ್ಜನ ಅರ್ಜಿಗಳು

ತಾಲೂಕು ಕಚೇರಿಯಲ್ಲಿ ಮಾಸಾಶನದ ಟೇಬಲ್ಲಿಗೆ ಕೂತ ಗುಮಾಸ್ತನಿಗೆ ನಗು ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ಅದು ತಾನೇ ಬಸ್ಸು ಹಿಡಿದು ಬರುತ್ತದೆ. ಎಂಬತ್ತರ ದಶಕದ ಕೊನೆಗೆ ಕಲಘಟಗಿಯಲ್ಲಿ ನನ್ನ ಪಾಲಿಗೆ ಅದು ಮಿಶ್ರಿಕೋಟಿ ಬಸ್ಸಿನಲ್ಲಿ ಬರುತ್ತಿತ್ತು. ಮುಂದೆ ಒಬ್ಬ ಅಜ್ಜ, ಬೆನ್ನಹಿಂದೆ ತುಟಿ ಬಿಚ್ಚದ ಮೊಮ್ಮಗ. ಮೊಮ್ಮಗ ದರ್ಜಿ, ಪೋಲಿಯೋದಿಂದ ಒಂದು ಕಾಲು ಸಣಕಲಾಗಿತ್ತು.

೧. ವಯಸ್ಸಿನ ಪಾಲು

ಅಜ್ಜನಿಗೆ ವೃದ್ಧಾಪ್ಯ ವೇತನವೂ ಬೇಕು, ತನ್ನ ಮಂಜುಗಣ್ಣಿಗೆ ಅಂಗವಿಕಲರ ವೇತನವೂ ಬೇಕು.

"ಎರಡೂ ಬ್ಯಾರೆ ಬ್ಯಾರೆ ಅದಾವ್ರಿ ಅಜ್ಜಾರ. ಒಬ್ಬರಿಗೆ ಒಂದ ಪಗಾರ," ಎಂದೆ.

"ಹಂಗಾರ ಕಣ್ಣಿಂದು ನನಗಿರ್ಲಿ, ವಯಸ್ಸಿಂದು ನಮ್ಮ ಮನಿಯಾಕಿಗೆ ಬರೀರಿ."

"ಅವರಿಗೆ ಅರವತ್ತೈದು ತುಂಬ್ಯಾವೇನ್ರಿ?"

"ಇಲ್ರಿ. ನನಗ ಎಪ್ಪತ್ತೈದು ಅದಾವಲ್ಲ, ಅದರಾಗಿನ ಹತ್ತು ಆಕಿಗೆ ಹಾಕ್ರಿ!"

೨. ಸಂಜೆಯ ಕಾಲು

ಮೊಮ್ಮಗನ ಅರ್ಜಿಗೆ ಡಾಕ್ಟರು ಊನ ಎಷ್ಟು ಪರ್ಸೆಂಟು ಎಂದು ಬರೆಯಬೇಕು; ನಲವತ್ತಕ್ಕಿಂತ ಕಡಿಮೆಯಾದರೆ ವೇತನವಿಲ್ಲ. ಡಾಕ್ಟರು ಐವತ್ತು ಬರೆದರು. ಅಜ್ಜನಿಗೆ ಸಮಾಧಾನವಾಗಲಿಲ್ಲವಂತೆ.

"ಇನ್ನೊಂದೀಟ ಏರಿಸ್ರಿ ಸಾಹೇಬ್ರ."

"ಹುಡುಗನ್ನ ನಡಿಸೇ ನೋಡೇನಲ್ಲ?"

"ನೀವು ನೋಡಿದ್ದು ಮುಂಜಾನಿ ಕಾಲ್ರಿ. ಸಂಜಿಕ ನೋಡ್ರಿ, ಅಗದಿ ಕುಂಟತಾನ!"

೩. ಮದುವೆಯ ರಿಯಾಯಿತಿ

ಆರು ತಿಂಗಳಿಗೆ ಅಜ್ಜ ರಾಗ ಬದಲಿಸಿದ. ತಂಬೂರು ಎಂಬ ಊರಿನಲ್ಲಿ ಮೊಮ್ಮಗನಿಗೆ ಹೆಣ್ಣು ನೋಡಿ ಬಂದಿದ್ದರು. ಹಿಂದೆ ಎರಡು ಸಂಬಂಧ ಕಾಲಿನ ಸುದ್ದಿಗೇ ಮುರಿದಿದ್ದವು. ಇದೂ ತಪ್ಪಿದರೆ ಹುಡುಗ ಒಂಟಿಯಾಗಿಯೇ ಉಳಿದಾನು ಎಂದು ಅಜ್ಜ ನಿಜಕ್ಕೂ ಹೆದರಿದ್ದ. ನೋಡಿ ನನಗೂ ಪಾಪ ಅನಿಸಿತು.

"ಐವತ್ತಂದ್ರ ಬೀಗರು ಅಂಜತಾರ್ರಿ. ಇಪ್ಪತ್ತು ಮಾಡ್ರಿ."

"ಪಗಾರ ನಿಂತ ಹೋಗತೈತ್ರಿ ಅಜ್ಜಾರ."

"ಹಂಗಾರ ಅಕ್ಕಿಕಾಳು ಬೀಳೂತನಕಾ ಇಳಿಸ್ರಿ, ಆಮ್ಯಾಲ ಮೊದಲಿನಂಗ ಏರಿಸ್ರಿ!"

೪. ಕಾಗದದಲ್ಲಿ ಇಲ್ಲದ್ದು

ಮರುವಾರ ಅಜ್ಜ ಮತ್ತೆ ಅದೇ ಹಟ ಹಿಡಿದು ಕೂತಿದ್ದಾಗ, ತಂಬೂರಿನ ಹುಡುಗಿಯೇ ಅಪ್ಪನ ಜೊತೆ ಒಳಗೆ ಬಂದಳು. ಅಜ್ಜನ ಮುಖ ಬಿಳಿಚಿಕೊಂಡಿತು.

"ಡಾಕ್ಟರ ಕಾಗದ ನೋಡಬೇಕಿತ್ರಿ," ಎಂದಳು.

ನಾನು ಮೊಮ್ಮಗನ ಕಡೆ ನೋಡಿದೆ. ಕೊಡಿ ಎಂಬಂತೆ ಅವನು ತಲೆಯಾಡಿಸಿದ. ಹುಡುಗಿ ಎರಡು ಸಲ ಓದಿದಳು.

"ಕಾಲು ನಾನೂ ನೋಡೇನ್ರಿ, ಅದಕ್ಕೇನಿಲ್ಲ. ಬಾಯಿಂದು ಎಷ್ಟು ಪರ್ಸೆಂಟ ಅಂತ ಬರದ ಇಲ್ಲಲ್ಲ? ನೋಡಾಕ ಬಂದಾಗ ಒಂದ ಮಾತೂ ಆಡಲಿಲ್ಲ. ಮಾತು ಬರತಾವಂದ್ರ ನನಗ ಒಪ್ಪಿಗಿ ಐತಿ."

"ಬರತಾವಬೇ ತಂಗಿ, ಯಾಕ ಬರಂಗಿಲ್ಲ! ನಮ್ಮ ಹುಡುಗ ಸಣ್ಣಾಂವಿದ್ದಾಗ..." ಅಜ್ಜ ಶುರುಹಚ್ಚಿಕೊಂಡ.

ಅಷ್ಟು ದಿನದಲ್ಲಿ ಮೊದಲ ಸಲ ಮೊಮ್ಮಗನ ದನಿ ಕೇಳಿದೆ.

"ಮಾತು ಬರತಾವ್ರಿ. ಅಜ್ಜ ಬಿಡಬೇಕಲ್ಲ!"