ಶುಕ್ರವಾರದ ಹೊಟ್ಟೆನೋವಿಗೆ ಕಾರಣ ಸಿಕ್ಕಿದ್ದರ ಬಗ್ಗೆ ತಕರಾರು

ಇಂದ:
ಸಿಕ್ಸ್ಟೆನ್ ಹಾಲ್‌ಕ್ವಿಸ್ಟ್, ವಯಸ್ಸು ೭೧,
ನಿವೃತ್ತ ದೋಣಿ ತಪಾಸಕ, ಹೆರ್ನೊಸಾಂಡ್, ಸ್ವೀಡನ್

ಗೆ:
ಡಾ. ಫರೀದೇ ಮೊರಾದಿ,
ಹೊಟ್ಟೆ ಮತ್ತು ಕರುಳಿನ ವಿಭಾಗ

ವಿಷಯ: ಪತ್ತೆಯಾದ ಕಾರಣವನ್ನು ಮರಳಿ ‘ಅಸ್ಪಷ್ಟ’ ಎಂದು ತಿದ್ದಿಕೊಡುವ ಬಗ್ಗೆ, ತಪ್ಪಿದಲ್ಲಿ ಬದಲಿ ಚಿಕಿತ್ಸೆಯ ಬಗ್ಗೆ.

ಉಲ್ಲೇಖ: ೧. ನನ್ನ ಹೊಟ್ಟೆ. ೨. ತಮ್ಮ ಮಾರ್ಚ್ ೧೧ರ ಪತ್ರ.

ಮಾನ್ಯರೇ,

೧. ನಾಲ್ಕು ವರ್ಷದಿಂದ ಪ್ರತಿ ಶುಕ್ರವಾರ ನನ್ನ ಹೊಟ್ಟೆ ನಗಾರಿಯಂತೆ ಉಬ್ಬಿ ನೋಯುತ್ತಿದ್ದು, ಮೇಲಿನಿಂದ ಒಮ್ಮೆ, ಕೆಳಗಿನಿಂದ ಎರಡು ಸಲ ಕ್ಯಾಮೆರಾ ಇಳಿಸಿದರೂ ಏನೂ ಸಿಗದ ಕಾರಣ, ಹಿಂದಿನ ವೈದ್ಯರು ‘ಕಾರಣ ಅಸ್ಪಷ್ಟ’ ಎಂದು ಷರಾ ಬರೆದರು. ಹಾಲು ಬಿಡಿಸಿದರು, ಗೋಧಿ ಬಿಡಿಸಿದರು, ಕೊನೆಗೆ ಕಾಫಿಗೂ ಕೈ ಹಾಕಿದರು.

೨. ಊಟದ ದಿನಚರಿಯಲ್ಲಿ ಪ್ರತಿ ಗುರುವಾರದ ಸಂಜೆಗೆ ನಾನು ‘ಎಂದಿನಂತೆ’ ಎಂದು ಬರೆದಿದ್ದೆ. ಹಿಂದಿನ ವೈದ್ಯರು ಓದಿ ತಲೆಯಾಡಿಸಿದರು. ಈ ದೇಶದ ವಾಡಿಕೆಯಂತೆ ಗುರುವಾರ ಅವರ ಮನೆಯಲ್ಲೂ ಬಟಾಣಿ ಸೂಪೇ. ಇಡೀ ದೇಶವೇ ತಿನ್ನುವುದನ್ನು ಯಾರಾದರೂ ಬರೆದಿಡುತ್ತಾರೆಯೇ? ತಾವು ಹೊರಗಿನಿಂದ ಬಂದವರಾದ ಕಾರಣ ಮೊದಲ ದಿನವೇ, “ಎಂದಿನಂತೆ ಅಂದ್ರೆ ಏನ್ರೀ? ಗಾಳಿ ತಿಂತೀರಾ?” ಎಂದು ಕೇಳಿಬಿಟ್ಟಿರಿ. ಒಂದು ಸೋಮವಾರ ಡಬ್ಬದ ಬಟಾಣಿ ಸೂಪು ಕುಡಿಸಿ ನೋಡಿದಿರಿ. ಮಂಗಳವಾರ ನರಳಿದೆ. ತಾವು ಗೆದ್ದಿರಿ.

೩. ಆದರೆ ಗುರುವಾರದ ಸೂಪು ನಾನು ಮಾಡಿದ್ದಲ್ಲ. ಮೇಲಿನ ಮಹಡಿಯಲ್ಲಿ ಒಬ್ಬರೇ ಇರುವ ಬೋಡಿಲ್ ರೆನ್‌ಸ್ಟ್ರೋಮ್ ಅವರು, ನನ್ನ ಹೆಂಡತಿ ತೀರಿಕೊಂಡ ಮರುವಾರದಿಂದ, ಪ್ರತಿ ಗುರುವಾರ ಐದಕ್ಕೆ ಪಾತ್ರೆ ಹಿಡಿದು ಬಂದು ಏಳಕ್ಕೆ ಹೋಗುತ್ತಾರೆ. ಉಳಿದ ಆರು ದಿನ ಮೆಟ್ಟಿಲಲ್ಲಿ ಸಿಕ್ಕರೆ ಚಳಿಯ ಬಗ್ಗೆ ಎರಡು ಮಾತು, ಅಷ್ಟೇ. ನಮ್ಮಲ್ಲಿ ಕಾರಣವಿಲ್ಲದೆ ಯಾರೂ ಯಾರ ಬಾಗಿಲನ್ನೂ ತಟ್ಟುವುದಿಲ್ಲ.

೪. ‘ಬಟಾಣಿ ಸೂಪು ಬಿಡಿ’ ಎಂಬ ತಮ್ಮ ಪತ್ರವನ್ನು ಅವರಿಗೆ ತೋರಿಸಿದೆ.
“ನಾಲ್ಕು ವರ್ಷ ನೋವು ತಿಂದ್ರಾ? ಬಾಯಲ್ಲೇನು ಕಡುಬು ಇಟ್ಕೊಂಡಿದ್ರಾ?” ಎಂದು ರೇಗಿದರು.
“ನೀವು ಬೇಜಾರು ಮಾಡ್ಕೊಳ್ತೀರ ಅಂತ...”
“ಅಯ್ಯೋ ಮಹರಾಯ, ನಂಗೂ ಆ ಸೂಪು ಕಂಡ್ರಾಗಲ್ಲ! ನಿಮಗಿಷ್ಟ ಅಂತ ಬೇಯಿಸ್ತಿದ್ದೆ.”
“ಹಾಗಾದ್ರೆ ಸುಮ್ನೆ ಬನ್ನಿ.”
“ಸುಮ್ನೆ ಬರೋದಾ? ಅಕ್ಕಪಕ್ಕದ ಮನೆಯೋರು ಏನಂದ್ಕೋತಾರೆ?”
ಪಾತ್ರೆ ಎತ್ತಿಕೊಂಡು ಹೊರಟೇ ಹೋದರು. ಎರಡು ಗುರುವಾರ ಕಳೆದವು, ಬಂದಿಲ್ಲ. ಹೊಟ್ಟೆ ತಣ್ಣಗಿದೆ. ಆದರೆ ಅವರಿಲ್ಲದೆ ನನಗೆ ಬಹಳ ಕಷ್ಟವಾಗಿದೆ ಎಂದು ಈ ಮೂಲಕ ನಿವೇದಿಸಿಕೊಳ್ಳುತ್ತೇನೆ.

೫. ಸದರಿ ಬೋಡಿಲ್ ಅವರು ಮೂವತ್ತೆರಡು ವರ್ಷ ಔಷಧಿ ಅಂಗಡಿಯಲ್ಲಿ ದುಡಿದವರಾದ್ದರಿಂದ, ವೈದ್ಯರ ಚೀಟಿಯಲ್ಲಿ ಬರೆದದ್ದನ್ನು ಈವರೆಗೆ ಮೀರಿದವರಲ್ಲ.

ಆದ್ದರಿಂದ, ಸಿಕ್ಕ ಕಾರಣವನ್ನು ಮತ್ತೆ ಅಸ್ಪಷ್ಟಗೊಳಿಸಲು ನಿಯಮದಲ್ಲಿ ಅವಕಾಶವಿಲ್ಲದ ಪಕ್ಷದಲ್ಲಿ, ಈ ಕೆಳಕಂಡ ಔಷಧವನ್ನು ಸಹಿ, ಮೊಹರು ಸಮೇತ ಬರೆದುಕೊಡಬೇಕಾಗಿ ಪ್ರಾರ್ಥನೆ:

‘ಬೋಡಿಲ್ ರೆನ್‌ಸ್ಟ್ರೋಮ್. ಸಂಜೆ ಐದರಿಂದ ಏಳು. ಬರಿಗೈಯಲ್ಲಿ.’

ತಮ್ಮ ವಿಶ್ವಾಸಿ, ಹೊಟ್ಟೆ ಸರಿಹೋಗಿ ಕಂಗಾಲಾದ,
ಸಿಕ್ಸ್ಟೆನ್ ಹಾಲ್‌ಕ್ವಿಸ್ಟ್

ಅಡಕಗಳು:
೧. ಊಟದ ದಿನಚರಿ, ನಾಲ್ಕು ಪುಸ್ತಕ.
೨. ತಮ್ಮ ಪತ್ರದ ಪ್ರತಿ (ಮೇಲಿನ ಕಲೆ ಸೂಪಿನದು).

ವಿ.ಸೂ.: ಪ್ರಮಾಣವನ್ನು ‘ವಾರಕ್ಕೊಮ್ಮೆ’ ಎಂದು ಬರೆಯಬಾರದೆಂದು ಕೋರಿಕೆ. ‘ದಿನಕ್ಕೊಮ್ಮೆ, ಅಡ್ಡಪರಿಣಾಮ ಕಂಡರೂ ನಿಲ್ಲಿಸತಕ್ಕದ್ದಲ್ಲ’ ಎಂದಿದ್ದರೆ ಸಾಕು.